ಹಿಂದಿನ ಕನ್ನಡಿ

ಇಲ್ಲಿ ನಾನು ಎಲ್ಲವನ್ನೂ ತಲೆಲೆಕ್ಕದಲ್ಲೇ ಎಣಿಸುವುದು.
ಒಂದು ತಲೆಗೆ ಒಂದು ದಿನಾರು.
ಕೋಣೆಯ ಬಾಡಿಗೆ ನಲವತ್ತು ತಲೆ,
ಮಗಳ ಕಾಲೇಜು ಫೀಸು ಮುನ್ನೂರ ಹನ್ನೊಂದು,
ಊರಿನ ಟಿಕೆಟ್ಟು, ಅದೂ ರಜೆಯ ಕಾಲದಲ್ಲಾದರೆ, ಕೇಳಬೇಡಿ.
ಮನಾಮಾದ ಗುದೈಬಿಯಾ ಓಣಿಯಲ್ಲಿ
ಎರಡು ಕುರ್ಚಿ, ಒಂದು ಎಸಿ, ಮೂರು ಗೋಡೆಗೂ ಕನ್ನಡಿ.

ನನ್ನ ನೆತ್ತಿ ತೆಳ್ಳಗಾದದ್ದು ಮೊದಲು ತಿಳಿದದ್ದು
ನನಗಲ್ಲ, ಪಕ್ಕದ ಕುರ್ಚಿಯ ಇರ್ಫಾನನಿಗೆ.
ಸಿಯಾಲ್‌ಕೋಟಿನವನು. ತಿಂಗಳಿಗೊಂದು ಗುರುವಾರ ರಾತ್ರಿ
ಷಟರ್ ಅರ್ಧ ಎಳೆದು
ಅವನ ತಲೆ ನಾನು, ನನ್ನ ತಲೆ ಅವನು.
ಕೆಲಸ ಮುಗಿದ ಮೇಲೆ ಕೈಗನ್ನಡಿ ಹಿಡಿದು
ಹಿಂಬದಿ ತೋರಿಸುವುದು ಈ ಕಸುಬಿನ ಮರ್ಯಾದೆ.
ಒಂದು ಗುರುವಾರ ಅವನು ಕನ್ನಡಿ ಎತ್ತಲಿಲ್ಲ.
ಬಟ್ಟೆ ಕೊಡವಿ, ಚಹಾ ತರುತ್ತೇನೆಂದು ಹೊರಗೆ ಹೋದ.
ಮುಂದಿನ ತಿಂಗಳೂ ಎತ್ತಲಿಲ್ಲ.
ನಾನು ಕೇಳಲಿಲ್ಲ.

ನೀರಿನದೇ ತಪ್ಪು ಅನ್ನುತ್ತಾರೆ ಎಲ್ಲರೂ,
ಕಡಲಿನಿಂದ ಉಪ್ಪು ಹಿಂಡಿ ತೆಗೆದ ನೀರು.
ಬಾಟಲಿ ನೀರಲ್ಲೇ ತಲೆ ತೊಳೆಯುವ ಗಿರಾಕಿಗಳಿದ್ದಾರೆ ನನಗೆ.
ನಮ್ಮಪ್ಪ ಮಿಂದದ್ದು ನೇತ್ರಾವತಿಯಲ್ಲಿ;
ಅವರ ತಲೆಯೂ ಹೊಳೆಯ ಕಲ್ಲಿನಷ್ಟೇ ನುಣ್ಣಗಿತ್ತು.
ಇದನ್ನು ನಾನು ಯಾರಿಗೂ ಹೇಳಿಲ್ಲ.

ಮಿರ್ಜಾ ಸಾಹೇಬರು ಕುರ್ಚಿಯಲ್ಲಿ ಕೂತೇ ಕೇಳಿದರು:
"ವಾಮನಾ, ನನಗೆ ಎಣ್ಣೆ ಮಾರುತ್ತೀಯಲ್ಲ,
ನೀನೇಕೆ ಹಚ್ಚುವುದಿಲ್ಲ?"
ಮೂರು ಗೋಡೆಯಲ್ಲೂ ಅವರೇ ನಕ್ಕರು.

ಜುಫೈರಿನ ಕ್ಲಿನಿಕ್ಕು. ಸಲಕ್ಕೆ ಅರವತ್ತು ತಲೆ, ಮೂರು ಸಲ.
ಡಾಕ್ಟರ್ ನಶ್ವಾ ನೇರ ಮನುಷ್ಯೆ.
"ಹೊಸದು ಬರಬಹುದು, ಬರದೆಯೂ ಇರಬಹುದು,
ಇದ್ದದ್ದು ನಿಂತರೂ ಲಾಭವೇ," ಎಂದರು.
ಎಣ್ಣೆ ಮಾರುವಾಗ ನಾನೆಂದೂ ಇಷ್ಟು ಸತ್ಯ ಹೇಳಿಲ್ಲ.

ನರ್ಸು ಮಾರಿಸೆಲ್ ಮೊಣಕೈ ಮಡಿಕೆಯಿಂದ
ಒಂದು ನಳಿಕೆ ತುಂಬ ರಕ್ತ ಎಳೆದಳು.
ಅನ್ನದ ಕುಕ್ಕರಿನಷ್ಟೇ ಇರುವ ಯಂತ್ರ.
ಒಂದು ಗುಳಿಯಲ್ಲಿ ನನ್ನ ರಕ್ತ,
ಎದುರಿನದರಲ್ಲಿ ಅಷ್ಟೇ ತೂಕದ ನೀರು,
ಇಲ್ಲದಿದ್ದರೆ ಕುಣಿಯುತ್ತದಂತೆ ಯಂತ್ರ.
ಹದಿನೇಳು ವರ್ಷ ರಕ್ತವನ್ನು ನೀರು ಮಾಡಿದವನು ನಾನು;
ಎರಡೂ ಬೇರೆಬೇರೆಯಾಗಿ, ಎದುರುಬದುರಾಗಿ
ಗಿರ್ರನೆ ತಿರುಗುವುದನ್ನು ಕಂಡದ್ದು ಅವತ್ತೇ.
ನಗು ಬಂತು. ಏಕೆಂದು ಅವಳಿಗೆ ಹೇಳುವ ಭಾಷೆ ಇರಲಿಲ್ಲ.

ನಿಂತಾಗ ಕೆಂಪೆಲ್ಲ ತಳಕ್ಕೆ ಕುಸಿದಿತ್ತು.
ಮೇಲೆ ತಿಳಿ ಹಳದಿ,
ಬೆಂದ ಬೇಳೆಯ ಕಟ್ಟಿನ ಬಣ್ಣ.
ಇಷ್ಟು ದಿನ ಇದೂ ನನ್ನೊಳಗೆ ಓಡಾಡುತ್ತಿತ್ತೇ?

ಆಮೇಲೆ ಅವಳು ಬಾಚಣಿಗೆ ಹಿಡಿದಳು.
ಒಂದು ಬೈತಲೆ, ಪಕ್ಕದಲ್ಲಿ ಇನ್ನೊಂದು.
ಪಳಗಿದ ಕೈಯಲ್ಲ ಅದು: ಮಣಿಕಟ್ಟು ಬಿಗಿ,
ಬಾಚಣಿಗೆಯ ಹಲ್ಲು ಚರ್ಮಕ್ಕೆ ಒತ್ತುತ್ತಿತ್ತು.
ಹೇಳೋಣವೆನಿಸಿತು; ತಲೆ ಅವಳ ಕೈಯಲ್ಲಿತ್ತು.
ಐಸಿನ ಮರಗಟ್ಟು. ಸೂಜಿ.
ಹಣೆಯಂಚಿನಿಂದ ಸುಳಿಯವರೆಗೆ
ಒಂದೊಂದಕ್ಕೂ ಕಾಲಿನ ಹೆಬ್ಬೆರಳು ತಾನಾಗಿ ಮಡಚಿತು.
ಐವತ್ತರವರೆಗೆ ಎಣಿಸಿ ಬಿಟ್ಟೆ.
ನನ್ನ ಕುರ್ಚಿಯಲ್ಲಿ ಮಕ್ಕಳು ಏಕೆ ಅಳುತ್ತವೆಂದು
ನಲವತ್ತನಾಲ್ಕಕ್ಕೆ ತಿಳಿಯಿತು.

ಜೂನ್ ತಿಂಗಳಲ್ಲಿ, ಶೀತವೆಂದು ಟೊಪ್ಪಿ ಹಾಕಿ
ಅಂಗಡಿಗೆ ಬಂದೆ.
ಇರ್ಫಾನ್ ಏನೂ ಅನ್ನದೆ
ಎಸಿಯ ಮುಖವನ್ನು ತನ್ನ ಕಡೆ ತಿರುಗಿಸಿಕೊಂಡ.

ಮೂರೂ ಮುಗಿದವು. ನೂರ ಎಂಬತ್ತು ತಲೆ,
ಈ ಒಂದಕ್ಕೆ.
ಕಳೆದ ಗುರುವಾರ ಷಟರ್ ಅರ್ಧ ಇಳಿದಿತ್ತು.
ಬಟ್ಟೆ ಬಿಚ್ಚುವ ಮೊದಲು
ಇರ್ಫಾನ್ ಕೈಗನ್ನಡಿ ಎತ್ತಿ ಹಿಂದೆ ಹಿಡಿದ.
ಕೂದಲು ಬಂತೆಂದೋ,
ಇನ್ನು ಮುಚ್ಚಿಡುವುದು ಬೇಡವೆಂದೋ,
ಅವನ ಮುಖ ಏನೂ ಹೇಳಲಿಲ್ಲ.
ಎಲ್ಲ ಗಿರಾಕಿಗಳು ಮಾಡುವುದನ್ನೇ ನಾನೂ ಮಾಡಿದೆ.
ಸರಿಯಾಗಿ ನೋಡದೆ
"ಬಸ್, ಅಚ್ಛಾ ಹೈ" ಎಂದು
ತಲೆಯಾಡಿಸಿದೆ.